ನಮ್ಮಕ್ಕ ತಿರುಗಿಸಿದ ಎಂಟು ಮನೆ

“ಚಪ್ಪಲಿ ಹೊರಗ ಬಿಟ್ಟು ಎಲ್ಲಾರೂ ಒಳಗ ಬರ್ರಿ! ಒಬ್ಬರೂ ಹೊರಗ ನಿಂದ್ರಂಗಿಲ್ಲ!” ಎಂದು ನಮ್ಮಕ್ಕ ಸಾವಂತ್ರೆವ್ವ ಬಾಗಿಲಲ್ಲಿ ನಿಂತು ಕೂಗಿದಳು.

ನೂಲಗೇರಿ ನೇಕಾರರ ಗೃಹನಿರ್ಮಾಣ ಸಂಘದ ಹನ್ನೊಂದು ಮಂದಿ ಪ್ರಮುಖರು ಚಪ್ಪಲಿ ಬಿಟ್ಟು, ಎರಡು ಮೆಟ್ಟಿಲು ಹತ್ತಿ ಒಳಗೆ ಬಂದರು. ಸಂಘದ ಕಾರ್ಯದರ್ಶಿಯಾದ ನಾನು ಹನ್ನೆರಡನೆಯವ. ಮೂವತ್ತೆಂಟು ಎಕರೆ ಬಯಲಿನಲ್ಲಿ ಅದೊಂದೇ ಮನೆ. ಮಾರ್ಚ್ ತಿಂಗಳ ಹನ್ನೊಂದು ಗಂಟೆಯ ಬಿಸಿಲು ಹೊರಗೆ ಬಾಣಲೆಯಂತೆ ಕಾದಿತ್ತು. ಒಳಗೆ ಮಾತ್ರ ಹೊಸ ಗಡಿಗೆಯೊಳಗೆ ಕೂತ ಹಾಗೆ ತಂಪು!

ಅಕ್ಕ ಎಲ್ಲರಿಗೂ ಒಂದೊಂದು ಲೋಟ ಮಜ್ಜಿಗೆ ಕೊಟ್ಟಳು. ಕುಡಿದದ್ದಾಯಿತು. ಗೋಡೆ ಮುಟ್ಟಿ ನೋಡಿದ್ದಾಯಿತು. ಅಧ್ಯಕ್ಷ ರಾಚಪ್ಪ ಸಾಹುಕಾರರು ಟವೆಲಿನಿಂದ ಬಾಯಿ ಒರೆಸಿಕೊಂಡು, “ಇನ್ನ ಸುರು ಮಾಡ್ರಿ ಸಾವಂತ್ರೆಕ್ಕ. ಏನ್ ತೋರಸ್ತೀರಿ, ಲಗೂನ ತೋರಸ್ರಿ. ನನಗ ಊಟಕ್ಕ ಹೋಗೂದೈತಿ,” ಅಂದರು.

“ತೋರಿಸೂದು ಮುಗೀತಲ್ರಿ!”

“ಏನು ಮುಗೀತು? ನಾವೇನೂ ನೋಡ್ಲೇ ಇಲ್ಲ!”

“ಬಾಗಲಾ ತಗದು ನೋಡ್ರಿ, ಸಾವ್ಕಾರ್ರ.”

ಸಾಹುಕಾರರು ಬಾಗಿಲು ತೆಗೆದರು. ನೋಡಿ ಕಾಲಿಡುವ ಅಭ್ಯಾಸ ಅವರಿಗಿಲ್ಲ. ಧೋತ್ರದ ಚುಂಗು ಹಿಡಿದು ಗಂಭೀರವಾಗಿ ಹೊರಗೆ ಕಾಲಿಟ್ಟವರು ನಮ್ಮ ಕಣ್ಣೆದುರಿಗೇ ಮಾಯವಾದರು! ಕೆಳಗೆ ಜರಡಿ ಹಿಡಿದ ಕೆಂಪು ಮಣ್ಣಿನ ಗುಡ್ಡೆಯಿತ್ತು. ಅದರ ಮೇಲೆ ಕೂತು, ಸುಣ್ಣದಂತಿದ್ದ ಧೋತ್ರ ಕುಂಕುಮವಾದದ್ದನ್ನು ನೋಡುತ್ತ, “ಮೆಟ್ಟಲ ಎಲ್ಲಿ ಹೋದುವು? ನನ್ನ ಚಪ್ಪಲ ಎಲ್ಲಿ?” ಎಂದು ಕೇಳಿದರು.

ಮೆಟ್ಟಿಲು, ಹನ್ನೆರಡು ಜೊತೆ ಚಪ್ಪಲಿ ಎಲ್ಲವೂ ಇದ್ದಲ್ಲೇ ಇದ್ದವು. ಮನೆ ಮಾತ್ರ ಅರ್ಧ ಸುತ್ತು ತಿರುಗಿ ಆ ಕಡೆಗೆ ಬೆನ್ನು ಮಾಡಿತ್ತು. ಮಜ್ಜಿಗೆಯ ಲೋಟ ತುಳುಕದಂತೆ, ಒಬ್ಬರ ಗಮನಕ್ಕೂ ಬಾರದಂತೆ ತಿರುಗಿತ್ತು!

“ಮೆಟ್ಟಲಾ ಮನಿಗಿ ಕಟ್ಟಬೇಕಾಗಿತ್ತು, ನೆಲಕ್ಕ ಕಟ್ಟೀನಿ,” ಎಂದು ಅಕ್ಕ ಕಿವಿಯ ಮೇಲಿನ ಪೆನ್ಸಿಲು ತೆಗೆದು ಅಂಗೈಯಲ್ಲಿ ಬರೆದುಕೊಂಡಳು. “ಅದೊಂದು ಸಣ್ಣ ತಪ್ಪು. ಉಳದಿದ್ದು ಹೆಂಗೈತಿ ಹೇಳ್ರಿ!”

*

ಅಕ್ಕನ ಪರಿಚಯ ಮಾಡಿಕೊಡಬೇಕು. ಏಳನೆಯ ಇಯತ್ತೆಯವರೆಗೆ ಓದಿದವಳು. ಭಾವ ತೀರಿಕೊಂಡ ಮೇಲೆ ತವರಿಗೆ ಬರುವಾಗ ಬೇರೆ ಹೆಂಗಸರು ಸೀರೆಯ ಟ್ರಂಕು ತರುತ್ತಾರೆ. ನಮ್ಮಕ್ಕ ಹತ್ಯಾರಗಳ ಪೆಟ್ಟಿಗೆ ತಂದಳು. ಅಲ್ಲಿಂದ ಇಪ್ಪತ್ತೆರಡು ವರ್ಷ, ನೂಲಗೇರಿಯಲ್ಲಿ ಯಾವ ಮಗ್ಗ ಕೆಟ್ಟರೂ ಅಕ್ಕನೇ ಬರಬೇಕು. ಅವಳು ಬರುತ್ತಿದ್ದಾಳೆ ಎಂದು ಗೊತ್ತಾದರೆ ಸಾಕು, ಅರ್ಧ ಮಗ್ಗಗಳು ಹೆದರಿ ತಾವೇ ಸರಿಯಾಗುತ್ತವೆ ಎಂದು ಊರವರು ಹೇಳುತ್ತಾರೆ. ನಾನು ಅಷ್ಟು ಹೇಳುವುದಿಲ್ಲ. ಕಾಲು ಭಾಗ ಇರಬಹುದು.

ಈ ತಿರುಗುವ ಮನೆಯ ಹುಚ್ಚು ಅವಳಿಗೆ ಹಿಡಿದದ್ದು ನಮ್ಮ ಸಂಘದ ದೆಸೆಯಿಂದ. ನಮ್ಮದು ಇನ್ನೂರ ಹದಿನಾರು ನೇಕಾರ ಕುಟುಂಬ. ಊರೊಳಗಿನ ನಮ್ಮ ಮನೆಗಳಲ್ಲಿ ಮಗ್ಗ ಇಟ್ಟ ಮೇಲೆ ಉಳಿದ ಜಾಗದಲ್ಲಿ ಮನುಷ್ಯರು ಇರುತ್ತಾರೆ. ನಾನೇ ಮದುವೆಯಾದಾಗಿನಿಂದ ಮಗ್ಗದ ಕೆಳಗೆ ಕಾಲು ಚಾಚಿ ಮಲಗುವವ. ಹನ್ನೊಂದು ವರ್ಷ ಓಡಾಡಿ ಊರ ಹೊರಗೆ ಮೂವತ್ತೆಂಟು ಎಕರೆ ಗಿಟ್ಟಿಸಿದೆವು. ಆಮೇಲೆ ನಿವೇಶನ ಹಂಚಲು ಚೀಟಿ ಎತ್ತಿದೆವು ನೋಡಿ, ಅಲ್ಲಿಗೆ ಎಲ್ಲವೂ ನಿಂತಿತು!

ಯಾಕೆಂದರೆ ಎಲ್ಲರಿಗೂ ಪೂರ್ವದ ಬಾಗಿಲೇ ಬೇಕು. ರಸ್ತೆಯ ಈ ಕಡೆಯ ಮನೆ ಪೂರ್ವಕ್ಕೆ ಮುಖ ಮಾಡಿದರೆ ಆ ಕಡೆಯದು ಪಶ್ಚಿಮಕ್ಕೆ ಮಾಡಲೇಬೇಕಲ್ಲ? ಅದನ್ನು ಯಾರೂ ಕೇಳಲೊಲ್ಲರು. ಮೂರು ಸಲ ಚೀಟಿ ಎತ್ತಿದೆವು, ಮೂರು ಸಲ ಜಗಳ. ಒಬ್ಬನಂತೂ ದಕ್ಷಿಣ ಮುಖದ ಚೀಟಿಯನ್ನು ಎಲೆ-ಅಡಿಕೆಯ ಜೊತೆ ಅಗಿದು ನುಂಗಿ, “ನನಗ ಚೀಟೀನ ಬಂದಿಲ್ಲ” ಎಂದು ವಾದಿಸಿದ! ಮೇ ತಿಂಗಳ ಒಳಗೆ ನಕ್ಷೆ ಮಂಜೂರಾಗದಿದ್ದರೆ ಜಮೀನು ನಮ್ಮ ಕೈಬಿಡುತ್ತಿತ್ತು. ರಾಚಪ್ಪ ಸಾಹುಕಾರರು ಅಷ್ಟರಲ್ಲಿ ಒಬ್ಬ ಬಿಲ್ಡರನನ್ನು ಗೊತ್ತು ಮಾಡಿದ್ದರು. ಮೂರು ಮಹಡಿಯ ಕಾಂಕ್ರೀಟು ಕಟ್ಟಡ, ಸಾಲು ಸಾಲು ಕೋಣೆ. “ಬಾಗಲಾ ಎಲ್ಲಾ ಕಾರಿಡಾರಿಗಿ. ದಿಕ್ಕಿನ ತಂಟೇನ ಇಲ್ಲ,” ಅನ್ನುತ್ತಿದ್ದರು.

“ಮಗ್ಗ ಮೂರನೇ ಮಜಲಿಗಿ ಹೆಂಗ ಏರ್ತಾವ್ರಿ?” ಎಂದು ಅಕ್ಕ ಕೇಳಿದ್ದಳು.

“ಮಗ್ಗ ಮಾರಿದ್ರಾತು!”

ಆ ಒಂದು ಮಾತಿಗೆ ಅಕ್ಕ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಬೀಸುವ ಕಲ್ಲಿನ ಮುಂದೆ ಕೂತು ಮೇಲಿನ ಕಲ್ಲನ್ನು ಸುಮ್ಮನೆ ತಿರುಗಿಸುತ್ತಿದ್ದಳು. ನನ್ನ ಹೆಂಡತಿ ಕಸ್ತೂರಿ, “ಯಕ್ಕಾ, ಕಾಳು ಹಾಕದ ಏನ್ ಬೀಸಾಕತ್ತೀರಿ?” ಎಂದು ಕೇಳಿದಳು.

“ಮನಿ ಬೀಸಾಕತ್ತೀನಿ ಬಿಡ,” ಅಂದಳು ಅಕ್ಕ.

ಹಾಗೆ ಹುಟ್ಟಿತು. ಕೆಳಗೆ ಗುಂಡನೆಯ ಕಟ್ಟೆ, ಅದರ ಮೇಲೆ ಹಳೆ ಮಗ್ಗಗಳ ಗಾಲಿಗಳ ಬಳೆ, ಅದರ ಮೇಲೆ ಒತ್ತಿದ ಮಣ್ಣಿನ ಇಟ್ಟಿಗೆಯ ಮನೆ. ಚಾವಣಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ. ತಿರುಗಿಸಲು ಒಂದು ಮಗ್ಗದ ಮೋಟಾರು ಸಾಕು. ಮನೆಯ ಒಂದು ಗೋಡೆ ಮಾತ್ರ ಬಲು ದಪ್ಪ, ಕಿಟಕಿಯಿಲ್ಲದ್ದು. ಅದು ಮನೆಯ ಬೆನ್ನು. ಚಾವಣಿಯ ತುದಿಯಲ್ಲಿ ತಗಡಿನ ಒಂದು ಸೊಂಡಿಲು. ಗಾಳಿ ಎಲ್ಲಿ ತಂಪಿದೆ ಎಂದು ಅದು ಮೂಸಿ ನೋಡುತ್ತದೆ. ಮೂಸಿದ್ದನ್ನು ಕೇಳಿ ಮನೆಗೆ ಅಪ್ಪಣೆ ಕೊಡುವುದು ಸೀರೆಯ ಹೂವು-ಬಳ್ಳಿ ಮೂಡಿಸಲು ಮಗ್ಗಕ್ಕೆ ಹಾಕುತ್ತೇವಲ್ಲ, ಅಂಥ ತೂತುಗಳ ರಟ್ಟಿನ ಕಾರ್ಡು!

“ಮುಂಜಾನೆ ಏಳರ ತನಕ ಪೂರ್ವಕ್ಕ ಮುಖ, ದೇವರ ಸಲುವಾಗಿ,” ಎಂದು ಅಕ್ಕ ಆವತ್ತು ಹನ್ನೊಂದು ಮಂದಿಗೆ ವಿವರಿಸಿದಳು. “ಏಳರ ಮ್ಯಾಲ ಸೂರ್ಯಾಗ ಬೆನ್ನು, ನಮ್ಮ ಸಲುವಾಗಿ. ಫ್ಯಾನ್ ಬ್ಯಾಡ, ಕೂಲರ್ ಬ್ಯಾಡ!”

“ಹಂಗಂದ್ರ ಮುಂಜಾನೆ ಎಲ್ಲಾರ ಬಾಗಲಾನೂ ಪೂರ್ವಕ್ಕ?” ಚೀಟಿ ನುಂಗಿದವನು ಕೇಳಿದ.

“ಇನ್ನೂರಾ ಹದಿನಾರೂ!”

ಅವನು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಮಣ್ಣು ಕೊಡವಿಕೊಳ್ಳುತ್ತಿದ್ದ ಸಾಹುಕಾರರೂ ಎರಡು ಸಲ ತಟ್ಟಿದ್ದನ್ನು ನಾನು ನೋಡಿದೆ, ಅದು ಧೂಳಿಗೋ ಅಕ್ಕನಿಗೋ ಗೊತ್ತಾಗಲಿಲ್ಲ. ಮೊದಲು ಎಂಟು ಮನೆ ಕಟ್ಟಿ, ಎಂಟು ಕುಟುಂಬ ಇದ್ದು ನೋಡಲಿ. ಆಮೇಲೆ ನಕ್ಷೆ ಮಂಜೂರು ಮಾಡುವ ಅಧಿಕಾರಿಯನ್ನು ಕರೆಸೋಣ ಎಂದು ಠರಾವಾಯಿತು.

*

ಇಡೀ ಬಡಾವಣೆಯ ನಕ್ಷೆಯನ್ನು ಅಕ್ಕ ಬರೆದದ್ದು ಸೀರೆಯ ನಕಾಸಿ ಬಿಡಿಸುವ ಚೌಕುಳಿ ಕಾಗದದ ಮೇಲೆ. ಸಭೆಯಲ್ಲಿ ಅದನ್ನು ನೆಲಕ್ಕೆ ಹಾಸಿದಾಗ ಎಂಬತ್ತು ವರ್ಷದ ಮುದುಕರೂ ಕನ್ನಡಕ ಇಲ್ಲದೆ ಓದಿದರು! ರಸ್ತೆಗಳು ಅಂಚು. ಮರಗಳಿಗೆ ಬಿಟ್ಟ ಜಾಗ ಸೆರಗು. ಮನೆಗಳು ಒಡಲ ಮೇಲಿನ ಬುಟ್ಟಾ. “ಇಲ್ಲೆ ಒಂದೆಳಿ ತಪ್ಪೈತಿ ನೋಡವಾ,” ಎಂದು ಒಬ್ಬ ಮುದುಕರು ಬೆರಳಿಟ್ಟ ಕಡೆ ನಿಜಕ್ಕೂ ಒಂದು ಚರಂಡಿ ಏರುಮುಖವಾಗಿ ಹರಿಯುತ್ತಿತ್ತು.

ಕಟ್ಟುವಾಗಿನ ಆ ಆರು ವಾರ ನಾನು ಸಾಯುವ ತನಕ ಮರೆಯುವುದಿಲ್ಲ. ಮಣ್ಣು ನಮ್ಮದೇ ಜಮೀನಿನ ತಗ್ಗು ಮೂಲೆಯದು. ಇಟ್ಟಿಗೆ ಒತ್ತಿದ್ದು ನಾವೇ. ಮಗ್ಗದ ಹಲಗೆ ತುಳಿದು ಗಟ್ಟಿಯಾದ ಕಾಲುಗಳು ಇಟ್ಟಿಗೆ ಯಂತ್ರದ ಪಟ್ಟಿಯನ್ನು ತುಳಿದವು. ಬೆಂಕಿ ಇಲ್ಲ, ಭಟ್ಟಿ ಇಲ್ಲ. ಒತ್ತಿ, ನೆರಳಲ್ಲಿ ಒಣಗಿಸಿ, ಕಟ್ಟು. ಮಣ್ಣು ತೆಗೆದ ಕಡೆ ಎರಡಾಳು ಆಳದ ಹೊಂಡವಾಯಿತು. “ಇದನ್ನ ಮುಚ್ಚೂದು ಯಾವಾಗ?” ಎಂದು ಸಾಹುಕಾರರು ಕೇಳಿದರೆ ಅಕ್ಕ, “ಮುಚ್ಚೂದ್ಯಾಕ್ರಿ, ಎಂಟೂ ಚಾವಣಿ ಮಳಿನೀರು ಇಲ್ಲೇ ಬರ್ತೈತಿ,” ಎಂದು ಸುತ್ತ ಕಾಲುವೆ ತೋಡಿಸಿಬಿಟ್ಟಳು. ಈ ಸಲ ಮೆಟ್ಟಿಲುಗಳನ್ನೂ ಮನೆಗೇ ಕಟ್ಟಿದಳು.

ಏಪ್ರಿಲ್ ಕೊನೆಗೆ, ಮೊದಲಿನ ಮನೆಯೂ ಸೇರಿ, ಆ ಹೊಂಡದ ಸುತ್ತ ಎಂಟು ಮನೆ ಎದ್ದು ನಿಂತವು. ಒಂದು ನಮ್ಮ ಪಾಲಿಗೆ ಬಂತು. ಮೊದಲನೆಯ ದಿನ ನಾನು ಉದ್ದಕ್ಕೆ ಕಾಲು ಚಾಚಿ ಮಲಗಿದೆ. ಯಾವುದಕ್ಕೂ ತಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

*

ಎರಡನೆಯ ದಿನದಿಂದ ಶುರುವಾಯಿತು ನೋಡಿ!

ಕಸ್ತೂರಿ ಮುಂಜಾನೆ ಆರಕ್ಕೆ ಬಾಗಿಲ ಮುಂದೆ ಹದಿನಾರು ಚುಕ್ಕಿಯ ರಂಗೋಲಿ ಹಾಕಿದಳು. ಏಳಕ್ಕೆ ಮನೆ ತಿರುಗಿತು. ರಂಗೋಲಿ ತಿರುಗಲಿಲ್ಲ. ಪಕ್ಕದ ಮನೆಯ ಬಸಲಿಂಗವ್ವನ ಬಾಗಿಲು ಬಂದು ಅದರ ಮುಂದೆ ನಿಂತಿತು.

“ಬಸಲಿಂಗವ್ವಾ, ನನ್ನ ರಂಗೋಲಿ ಯಾಕ ತುಳದಿ?”

“ನಿನ್ನ ರಂಗೋಲಿ ನನ್ನ ಬಾಗಲದಾಗ ಯಾಕ ಬಂತು?”

“ನಿನ್ನ ಬಾಗಲಾ ನನ್ನ ಅಂಗಳದಾಗ ಯಾಕ ಬಂತು, ಅದನ್ನ ಮೊದಲ ಹೇಳ!”

ಮಾತು ಬಿಸಿಯಾಗುತ್ತಿದ್ದ ಹಾಗೆ ಬಸಲಿಂಗವ್ವನ ಮನೆಯ ಸೊಂಡಿಲು ಆ ಕಡೆ ತಂಪು ಮೂಸಿ, ಮನೆಯನ್ನು ಪೂರಾ ತಿರುಗಿಸಿತು. ಜಗಳದ ನಡುವೆ ಬೆನ್ನು ತೋರಿಸಿದರೆ ಯಾರು ಸಹಿಸುತ್ತಾರೆ? ಕಸ್ತೂರಿ ಆ ದಪ್ಪ ಗೋಡೆಯ ಮುಂದೆ ನಿಂತು ಅರ್ಧ ಗಂಟೆ ಬೈದಳು. ಬಸಲಿಂಗವ್ವ ಅತ್ತ ಕಡೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಂದಕ್ಷರವೂ ಕೇಳಿಸಿರಲಿಲ್ಲ! ಗೋಡೆ ಅಷ್ಟು ಗಟ್ಟಿ ಎಂದು ಅಕ್ಕನಿಗೆ ಪರಮಾನಂದ.

ಸಿಲಿಂಡರ್ ತರುವವನು ಒಂದೇ ಮನೆಗೆ ಎರಡು ಸಿಲಿಂಡರ್ ಕೊಟ್ಟು ಹೋದ. ನಾನು ಸ್ನಾನಕ್ಕೆ ಹೋದಾಗ ಬಚ್ಚಲ ಕಿಟಕಿ ಬಯಲ ಕಡೆಗಿತ್ತು. ತಲೆಗೆ ನೀರು ಹಾಕಿಕೊಂಡು ಕಣ್ಣು ಬಿಟ್ಟರೆ ಬಸ್‌ಸ್ಟಾಪಿನ ಕಡೆಗಿತ್ತು. ಬಸ್ಸಿಗೆ ಕಾಯುತ್ತಿದ್ದ ನಮ್ಮ ಸೋದರಮಾವ ಅಲ್ಲಿಂದಲೇ, “ಏನ್ ಚಂದ್ರಾಮಪ್ಪ, ಆರಾಮ?” ಎಂದು ಕೈ ಬೀಸಿದ. ನಾನು ಚಂಬನ್ನು ಎಲ್ಲಿ ಹಿಡಿಯಬೇಕೋ ಅಲ್ಲಿ ಹಿಡಿದು, “ಆರಾಮ ರೀ ಮಾಮಾ,” ಅಂದೆ.

ಇವೆಲ್ಲ ಸಣ್ಣವು. ದೊಡ್ಡದು ಆದದ್ದು ಹಾಸಿನ ದಿನ.

ನೇಯುವ ಮೊದಲು ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬೀದಿಯುದ್ದ ಬಿಗಿದು, ಗಂಜಿ ಹಚ್ಚಿ ಒಣಗಿಸುವುದು ನಮ್ಮ ಪದ್ಧತಿ. ನಾನು ಒಂದು ತುದಿಯನ್ನು ನಮ್ಮ ಕಿಟಕಿಯ ಸರಳಿಗೆ ಕಟ್ಟಿದೆ, ಇನ್ನೊಂದನ್ನು ದೂರದ ಗೂಟಕ್ಕೆ. ಕಡುಗೆಂಪು ರೇಷ್ಮೆ, ನಾಲ್ಕು ಸೀರೆಗಾಗುವಷ್ಟು. ಒಣಗಲಿ ಎಂದು ಒಳಗೆ ಹೋಗಿ ರೊಟ್ಟಿ ತಿನ್ನುತ್ತಿದ್ದೆ. ಗೂಟ ಕಿತ್ತ ಸದ್ದಾಯಿತು. ಹೊರಗೆ ಬಂದರೆ ನಮ್ಮ ಮನೆ ಸುತ್ತಿ ಸುತ್ತಿ ಅಷ್ಟೂ ನೂಲನ್ನು ಮೈಗೆ ಎಳೆದುಕೊಂಡಿತ್ತು. ಗೂಟ ಕೊನೆಗೆ ಬಾಗಿಲ ಪಕ್ಕಕ್ಕೆ ಬಂದು ಚಾವಿಗೊಂಚಲಿನ ಹಾಗೆ ಜೋತಾಡುತ್ತಿತ್ತು.

“ಎಪ್ಪಾ! ಮನಿ ಸೀರಿ ಉಟ್ಟೈತಿ ನೋಡ್ರಿ!” ಎಂದು ಬಸಲಿಂಗವ್ವ ಕೇಕೆ ಹಾಕಿದಳು. ಊರೆಲ್ಲ ನೋಡಲು ಬಂತು. ಒಬ್ಬ ಮುತ್ತೈದೆ ಅರಿಶಿನ-ಕುಂಕುಮವನ್ನೂ ಹಚ್ಚಿ ಹೋದಳು!

ಸಾಹುಕಾರರೂ ಬಂದರು. ಮನೆಯನ್ನು ಒಂದು ಸುತ್ತು ಹಾಕಿ, ನಗದೆ ಹೇಳಿದರು. “ಸಾವಂತ್ರೆಕ್ಕ, ಹದಿನೆಂಟನೇ ತಾರೀಖಿಗೆ ಅಧಿಕಾರಿ ಬರ್ತಾರ. ಅವ್ರ ಮುಂದ ಹಿಂಗಾತಂದ್ರ ನಾ ಅಡ್ಡ ಬರಂಗಿಲ್ಲ, ಆದ್ರ ಬಿಲ್ಡರ್‌ನ ಕಾಗದಕ್ಕ ಸಹಿ ಮಾಡ್ತೀನಿ. ಇನ್ನೂರಾ ಹದಿನಾರು ಮಂದಿ ಹನ್ನೊಂದು ವರ್ಷ ಕಾದಾರ. ನಿಮ್ಮ ಆಟಕ್ಕ ಜಮೀನ ಕಳಕೊಳ್ಳಾಕ ಆಗಂಗಿಲ್ಲ.”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಕ್ಕನಿಗೂ ಗೊತ್ತಿತ್ತು. ಆವತ್ತು ಅವಳು ನನ್ನ ಜೊತೆ ಕೂತು ಗೋಡೆಯಿಂದ ನೂಲು ಬಿಡಿಸಿದಳು. ಆಮೇಲೆ, “ತಪ್ಪು ಮನೀದಲ್ಲೋ ತಮ್ಮಾ. ಒಂದಕ್ಕೊಂದು ಪರಿಚಯ ಇಲ್ಲ. ಎಂಟೂ ತಮ್ಮ ತಮ್ಮ ಪಾಡಿಗಿ ತಿರುಗಾಕತ್ತಾವ. ಅವಕ್ಕ ಮರ್ಯಾದಿ ಕಲಸಬೇಕು,” ಅಂದಳು.

“ಮನಿಗಿ ಮರ್ಯಾದಿ?”

“ಹೂಂ. ಒಬ್ಬರ ಗಾಳಿಗಿ ಇನ್ನೊಬ್ಬರು ಅಡ್ಡ ಬರಬಾರದು. ಬಂದ್ರ ಸರಕೊಂಡು ದಾರಿ ಬಿಡಬೇಕು.”

ಒಂದು ವಾರದಲ್ಲಿ ಎಂಟೂ ಮನೆಗಳ ಸೊಂಡಿಲುಗಳನ್ನು ದಾರದಿಂದ ಒಂದಕ್ಕೊಂದು ಬಿಗಿದಳು. ಹೊಸ ಕಾರ್ಡುಗಳಿಗೆ ತೂತು ಹೊಡೆದು, ಅದಕ್ಕೆ ಮರ್ಯಾದೆ ಕಾರ್ಡು ಎಂದು ಹೆಸರಿಟ್ಟಳು. ಹದಿನೇಳನೆಯ ತಾರೀಖಿನವರೆಗೆ ಎಂಟು ಮನೆಗಳೂ ಸಂಭಾವಿತರಂತೆ ನಡೆದುಕೊಂಡವು. ಅಕ್ಕನ ಎದೆ ಉಬ್ಬಿತು, ನನ್ನದು ಅದಕ್ಕಿಂತ ಒಂದು ಅಂಗುಲ ಹೆಚ್ಚೇ.

*

ಅಧಿಕಾರಿಯ ಹೆಸರು ಚೆಲುವಯ್ಯ. ಮಂಡ್ಯ ಕಡೆಯವರು. ನಮ್ಮ ಬಿಸಿಲಿಗೆ ಬೆಂದು ಹೋಗಿದ್ದರು. ಮಟಮಟ ಮಧ್ಯಾಹ್ನ ಜೀಪಿನಿಂದ ಇಳಿದವರೇ ಟೇಪು ಬಿಚ್ಚಿದರು.

“ಮನೆಯಿಂದ ಗಡಿಗೆ ಎಷ್ಟಡಿ ಬಿಟ್ಟಿದ್ದೀರಿ, ನೋಡಣ. ರೀ, ಆ ತುದಿ ಹಿಡ್ಕಳಿ.”

ನಾನು ಟೇಪಿನ ತುದಿಯನ್ನು ನಮ್ಮ ಮನೆಯ ಮೂಲೆಗೆ ಒತ್ತಿ ಹಿಡಿದೆ. ಅವರು ಗಡಿಕಲ್ಲಿನ ಹತ್ತಿರ ಓದಿದರು. “ಎಂಟಡಿ... ಒಂಬತ್ತು... ಹತ್ತೂವರೆ... ಏನ್ರೀ ಇದು! ನಾನ್ ಇಲ್ಲೇ ನಿಂತಿದೀನಿ, ನೀವ್ ಎಲ್ಲಿಗ್ ಹೋಯ್ತಾ ಇದೀರಿ?”

“ನಾ ಹೊಂಟಿಲ್ರಿ ಸಾಹೇಬ್ರ, ಮನಿ ಹೊಂಟೈತಿ!”

ಚೆಲುವಯ್ಯನವರು ಅರ್ಜಿಯ ನಮೂನೆ ತೆಗೆದು ಬೆವರು ಒರೆಸಿಕೊಂಡರು. “ಇಲ್ಲಿ ಒಂದು ಕಾಲಂ ಇದೆ, ಮನೆಯ ಮುಖ ಯಾವ ದಿಕ್ಕಿಗೆ ಅಂತ. ಏನ್ ಬರೀಲಿ?”

“ಎಷ್ಟು ಗಂಟೆಗ್ರಿ?” ಎಂದು ಅಕ್ಕ ವಿನಯದಿಂದ ಕೇಳಿದಳು.

ಅವರು ನಮೂನೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಸಾಹುಕಾರರು ನಡುವೆ ಬಂದು, “ಬಿಸಲಾಗ ಯಾಕ್ರಿ ಸರ, ಒಳಗ ನಡೀರಿ, ಅವಲಕ್ಕಿ ತಿಂದು ಮಾತಾಡೋಣು,” ಎಂದು ನಮ್ಮ ಮನೆಯೊಳಗೆ ಕರೆದೊಯ್ದರು. ಅವರನ್ನು ಕೂಡಿಸಿ, ಚಹಾಕ್ಕೆ ಹಾಲು ತರಿಸಲು ಸಾಹುಕಾರರು ಹೊರಗಿಳಿದರು. ಆ ಹೊತ್ತಿಗೇ ಬಯಲಲ್ಲಿ ಗಾಳಿ ನಿಂತಿತು.

ಒಂದೆಲೆ ಅಲುಗಲಿಲ್ಲ. ಎಂಟೂ ಸೊಂಡಿಲುಗಳು ತಂಪು ಹುಡುಕಿದವು, ಎಲ್ಲೂ ಇಲ್ಲ. ಬಸಲಿಂಗವ್ವನ ಮನೆ, ತಾನೇ ಅಡ್ಡ ನಿಂತಿರಬೇಕು ಎಂದುಕೊಂಡು ನಮ್ಮ ಮನೆಗೆ ದಾರಿ ಬಿಟ್ಟು ಸರಿಯಿತು. ನಮ್ಮ ಮನೆ, ಛೇ ಛೇ, ನಿಮಗೆ ತೊಂದರೆಯಾಯಿತೇನೋ ಎಂಬಂತೆ ಅದಕ್ಕೆ ದಾರಿ ಬಿಟ್ಟು ಸರಿಯಿತು. ಅದನ್ನು ಕಂಡು ಮೂರನೆಯದು ಸರಿಯಿತು. ನಾಲ್ಕನೆಯದು ಸರಿಯಿತು. ಮದುವೆಯ ಪಂಕ್ತಿಯಲ್ಲಿ “ನೀವ್ ಮೊದಲ ಕುಂದರ್ರಿ”, “ಇಲ್ಲಿಲ್ಲ, ನೀವ್ ಕುಂದರ್ರಿ” ಎಂದು ಹಿರಿಯರು ಒಬ್ಬರನ್ನೊಬ್ಬರು ದಬ್ಬುತ್ತ ಯಾರೂ ಕೂಡುವುದಿಲ್ಲವಲ್ಲ, ಹಾಗೆ! ಎರಡು ನಿಮಿಷದಲ್ಲಿ ಎಂಟು ಮನೆಗಳೂ ಗಿರಗಿರನೆ ಸುತ್ತತೊಡಗಿದವು.

“ಯಕ್ಕಾ, ನಿಲ್ಲಸ!”

“ಹೆಂಗ ನಿಲ್ಲಸಲೋ? ಒಂದನ್ನ ನಿಲ್ಲಿಸಿದ್ರ ಏಳು ಮನಿ ಅದಕ್ಕ ದಾರಿ ಬಿಡಾಕತ್ತಾವ!” ಅಕ್ಕ ದಾರಗಳ ಕೆಳಗೆ ಓಡಾಡುತ್ತ ಕೂಗಿದಳು.

ನಮ್ಮ ಕಿಟಕಿಯಲ್ಲಿ ಅವಲಕ್ಕಿಯ ತಟ್ಟೆ ಹಿಡಿದ ಚೆಲುವಯ್ಯನವರು ಬಂದರು, ಹೋದರು. ಸಾಹುಕಾರರು ಕಿಟಕಿಯ ಹಿಂದೆ ಓಡುತ್ತ, “ಸರ, ಇದರಾಗ ಸಂಘದ ತಪ್ಪಿಲ್ರಿ—” ಅನ್ನುವಷ್ಟರಲ್ಲಿ ಆ ಕಿಟಕಿ ಹೋಗಿ ಅಡುಗೆಮನೆಯ ಕಿಟಕಿ ಬಂತು. ಅಲ್ಲಿ ಕಸ್ತೂರಿ ಒಲೆಯ ಮುಂದೆ ನಿಂತಿದ್ದಳು. “ಏನ್ರಿ ಸಾವ್ಕಾರ್ರ, ಸಕ್ಕರಿ ಎಷ್ಟು ಹಾಕಲಿ?” ಎಂದು ಕೇಳಿ ಅವಳೂ ಹೋದಳು. ಮುಂದಿನ ಸುತ್ತಿಗೆ ಚೆಲುವಯ್ಯನವರು ಬಂದು, “ಇಳಿಸ್ರಪ್ಪಾ! ಯಾರಾದ್ರೂ ಇಳಿಸ್ರಪ್ಪಾ!” ಎಂದರು. ಅದರ ಮುಂದಿನ ಸುತ್ತಿಗೆ, “ಇನ್ನೊಂದ್ ಸ್ವಲ್ಪ ಅವಲಕ್ಕಿ ಇದೆಯಾ?” ಎಂದಂತೆ ನನಗೆ ಕೇಳಿಸಿತು, ಕಸ್ತೂರಿಯೂ ಇದಕ್ಕೆ ಸಾಕ್ಷಿ.

ಚಾವಣಿಯ ಹಲಗೆಗೆ ಬಿಸಿಲು ಬೀಳದಂತೆ ಮಾಡಿದರೆ ನಿಲ್ಲಬಹುದು ಎಂದು ಬಸಲಿಂಗವ್ವನ ಗಂಡ ಹಗ್ಗ ಹಾಕಿ ಮೇಲೆ ಹತ್ತಿ, ಸೀರೆ ಹೊದಿಸಿದ. ನಿಲ್ಲಲಿಲ್ಲ. “ಬ್ಯಾಟರಿ ಕೂಡಿಸೀನ್ರಿ. ಬಿಸಲಿಲ್ದ ಎರಡು ದಿನಾ ತಿರಗ್ತಾವ!” ಎಂದು ಅಕ್ಕ ಅಂಥ ಹೊತ್ತಿನಲ್ಲೂ ಹೆಮ್ಮೆಯಿಂದ ಹೇಳಿದಳು. ಸಾಹುಕಾರರು ಓಡಿ ಸುಸ್ತಾಗಿ ನೆಲಕ್ಕೆ ಕೂತು, ಬಿಲ್ಡರನಿಗೆ ಫೋನು ಹಚ್ಚಿದರು. ಅಕ್ಕ ಅದನ್ನು ನೋಡಿದಳು. ಪೆನ್ಸಿಲು ಅವಳ ಕೈಯಿಂದ ಜಾರಿತು. ಇಪ್ಪತ್ತೆರಡು ವರ್ಷದಲ್ಲಿ ಯಾವ ಮಗ್ಗದ ಮುಂದೆಯೂ ಅವಳು ಹಾಗೆ ಕೈ ಚೆಲ್ಲಿ ನಿಂತದ್ದನ್ನು ನಾನು ಕಂಡಿರಲಿಲ್ಲ.

*

ಮಳೆ ಬಂತು!

ಮೇ ತಿಂಗಳ ಅಡ್ಡ ಮಳೆ, ಹೇಳಿ ಕೇಳಿ ಬರುವುದಿಲ್ಲ. ಪಡುವಣದಿಂದ ಕರಿ ಮೋಡ ಕವಿದು, ಮೊದಲು ಧೂಳು, ಆಮೇಲೆ ಬೆರಳು ಗಾತ್ರದ ಹನಿ. ತಿರುಗುತ್ತಿದ್ದ ಎಂಟು ಚಾವಣಿಗಳೂ ನಾಯಿ ಮೈ ಕೊಡವಿದ ಹಾಗೆ ನೀರು ಎರಚಿದವು. ಆದರೆ ಎರಚಿದ ನೀರು ಎಲ್ಲಿಗೂ ಹೋಗಲಿಲ್ಲ. ಅಕ್ಕ ತೋಡಿಸಿದ ಕಾಲುವೆಗಳಿಗೆ ಬಿದ್ದು ಹೊಂಡದ ಕಡೆ ಓಡಿತು. ಮುಕ್ಕಾಲು ಗಂಟೆ ಸುರಿದು ಮಳೆ ಹೇಗೆ ಬಂತೋ ಹಾಗೆ ನಿಂತಿತು. ಹೊಂಡದಲ್ಲಿ ಎದೆಮಟ್ಟ ನೀರು!

ಆ ನೀರಿನ ಮೇಲಿಂದ ಒಂದು ಗಾಳಿ ಎದ್ದಿತು. ತಣ್ಣಗೆ, ಒದ್ದೆ ಮಣ್ಣಿನ ವಾಸನೆಯ ಗಾಳಿ. ನನ್ನ ಮುಖಕ್ಕೆ ಬಡಿದಾಗ ಮೈ ಜುಮ್ಮೆಂದಿತು.

ಸೊಂಡಿಲುಗಳಿಗೂ ಬಡಿದಿರಬೇಕು. ಮೊದಲು ಬಸಲಿಂಗವ್ವನ ಮನೆ ನಿಧಾನವಾಯಿತು. ಆಮೇಲೆ ನಮ್ಮದು. ಎಂಟೂ ಮನೆಗಳು ತೂಕಡಿಸುವವರ ಹಾಗೆ ಒಮ್ಮೆ ಆಚೆ ಒಮ್ಮೆ ಈಚೆ ಆಡಿ, ಒಂದೊಂದಾಗಿ ಹೊಂಡದ ಕಡೆಗೆ ಬಾಗಿಲು ಮಾಡಿ ನಿಂತವು. ಎಲ್ಲಕ್ಕೂ ಗಾಳಿ ಸಿಕ್ಕಿತ್ತು. ಯಾರೂ ಯಾರಿಗೂ ದಾರಿ ಬಿಡಬೇಕಾಗಿರಲಿಲ್ಲ. ಕೆಳಗಿನ ಗಾಲಿಗಳ ಸಂದಿಗೆ ಮಳೆಯ ಕೆಸರು ಹೊಕ್ಕು ಗಟ್ಟಿಯಾಗುತ್ತಿತ್ತು.

ನಮ್ಮ ಬಾಗಿಲು ತೆರೆಯಿತು. ಚೆಲುವಯ್ಯನವರು ಗೋಡೆ ಹಿಡಿದುಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ದೊಪ್ಪನೆ ಕೂತರು. ಎದುರಿಗೆ ನೀರು. ನೀರಿನ ಸುತ್ತ ಎಂಟು ಬಾಗಿಲು. ಒಂದೊಂದು ಬಾಗಿಲಲ್ಲೂ ಜನ ಬಂದು ಕೂತಿದ್ದರು, ತಲೆ ತಿರುಗುವುದು ನಿಲ್ಲಲಿ ಎಂದು. ಬಸಲಿಂಗವ್ವ ಅವಳ ಮೆಟ್ಟಿಲಿನಿಂದ ನಮ್ಮ ಮೆಟ್ಟಿಲಿಗೆ, “ಕಸ್ತೂರಿ, ನಿಮ್ಮ ಚಹಾ ಆತೇನ? ನನ್ನ ಹಾಲು ಚೆಲ್ಲಿತವಾ,” ಎಂದು ಕೂಗಿದಳು. ಇಬ್ಬರೂ ಮಾತಾಡಿ ಎರಡು ವಾರವಾಗಿತ್ತು.

“ಆಗೈತಿ, ಬಾ!” ಅಂದಳು ಕಸ್ತೂರಿ.

ಚೆಲುವಯ್ಯನವರು ಚಹಾ ಕುಡಿದರು. ಒಂದು ಹನಿ ನೀರು ರಸ್ತೆಗೆ ಹರಿದಿಲ್ಲ ಎಂಬುದನ್ನು ತಾವೇ ಸುತ್ತಾಡಿ ನೋಡಿದರು. ಮಣ್ಣಿನ ಗೋಡೆ ಅಷ್ಟು ಮಳೆಗೂ ಕರಗಿಲ್ಲ ಎಂದು ಉಗುರಿನಿಂದ ಕೆರೆದು ನೋಡಿದರು. ಒಳಗೆ ಹೋಗಿ ನನ್ನ ಮಗ್ಗದ ಮೇಲೆ ಕೈಯಾಡಿಸಿ, “ಇಷ್ಟ್ ಸುತ್ತಿದ್ರೂ ಒಂದ್ ಎಳೆನೂ ಹರಿದಿಲ್ವಲ್ರೀ!” ಅಂದರು. ಕೊನೆಗೆ ಟೇಪು ಹಿಡಿದು ಅಳೆದರು. ಗೋಡೆಗಳು ಮರ್ಯಾದೆಯಿಂದ ನಿಂತುಕೊಂಡವು.

ನಮೂನೆಯಲ್ಲಿ ಮನೆಯ ಮುಖ ಯಾವ ದಿಕ್ಕಿಗೆ ಎಂಬ ಕಾಲಮ್ಮಿನ ಮುಂದೆ ಅವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತರು. ಆಮೇಲೆ ದೊಡ್ಡ ಅಕ್ಷರದಲ್ಲಿ ‘ನೀರಿನ ಕಡೆ’ ಎಂದು ಬರೆದರು. ಕೆಳಗೆ ಷರತ್ತು: ‘ಇನ್ನು ಮುಂದೆ ಮನೆಗಳು ಕದಲತಕ್ಕದ್ದಲ್ಲ.’ ಸಹಿ. ಮೊಹರು!

ಅಷ್ಟರಲ್ಲಿ ಬಿಲ್ಡರನ ಫೋನು ಬಂತು. ಸಾಹುಕಾರರು ಅದನ್ನು ಕಿವಿಗೆ ಹಚ್ಚಿ, “ಇಲ್ಲಪಾ, ರಾಂಗ್ ನಂಬರ್,” ಎಂದು ಹೇಳಿ ಕಿಸೆಗೆ ಇಟ್ಟುಕೊಂಡರು.

*

ಮುಂದಿನ ವಾರದ ಸಭೆಯಲ್ಲಿ ಚೀಟಿಯ ಮಾತು ಬಂತು. ಹೊಂಡದ ಗಾಳಿಯ ಸುದ್ದಿ ಊರೆಲ್ಲ ಹಬ್ಬಿತ್ತು. ದಕ್ಷಿಣದ ಚೀಟಿ ನುಂಗಿದವನೇ ಮೊದಲು ಎದ್ದ. “ನನಗ ಪೂರ್ವ ಬ್ಯಾಡ್ರಿ. ನೀರಿನ ಮುಖಾನ ಬೇಕು!” ಅವನ ಹಿಂದೆ ಇನ್ನೂರು ಕೈ ಎದ್ದವು.

ಅಕ್ಕ ಹೊಸ ಚೌಕುಳಿ ಕಾಗದ ಹಾಸಿದಳು. ಎಂಟೆಂಟು ಮನೆಗೆ ಒಂದು ಹೊಂಡ, ಹೀಗೆ ಇಪ್ಪತ್ತೇಳು ಹೊಂಡ. ಆಯಾ ಹೊಂಡದ ಮಣ್ಣಿನಿಂದಲೇ ಆಯಾ ಮನೆಗಳು. ಯಾರ ಮನೆಯೂ ಯಾವ ದಿಕ್ಕಿಗೂ ಇಲ್ಲ, ಎಲ್ಲರದೂ ಎದುರುಬದುರು. ಒಂದೇ ಸಲಕ್ಕೆ ಚೀಟಿ ಎತ್ತಿದೆವು. ಒಂದು ಚೀಟಿಯೂ ಯಾರ ಹೊಟ್ಟೆಗೂ ಹೋಗಲಿಲ್ಲ.

ಸಭೆ ಮುಗಿದ ಮೇಲೆ ಅಕ್ಕ ಮಾತ್ರ ನಮ್ಮ ಮನೆಯ ಗಾಲಿಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗಟ್ಟಿಯಾದ ಕೆಸರನ್ನು ಸ್ಕ್ರೂಡ್ರೈವರಿನಿಂದ ಕುಟ್ಟುತ್ತಿದ್ದಳು. “ತಿರುಗೂ ಮನಿ ಮಾಡಾಕ ಹೋದೆ. ಕಡೀಕ ನಿಂತಬಿಟ್ಟುವು ನೋಡೋ,” ಅಂದಳು.

“ಯಕ್ಕಾ, ಹನ್ನೊಂದು ವರ್ಷ ನಾವೆಲ್ಲಾ ಕೂಡಿ ಹುಡುಕಿದ್ರೂ ಸಿಗದ ಜಾಗಾ ಅವು ಒಂದು ತಾಸು ತಿರುಗಿ ಹುಡುಕ್ಯಾವ. ಇನ್ನೇನ್ ಬೇಕು ನಿನಗ?”

ಅವಳು ಕುಟ್ಟುವುದನ್ನು ಬಿಟ್ಟು ಎದ್ದಳು. “ಅದೂ ಖರೇನ,” ಅಂದು, ಸ್ಕ್ರೂಡ್ರೈವರು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದ ಇಪ್ಪತ್ತಾರು ಹೊಂಡಕ್ಕೆ ಗುರುತು ಹಾಕಲು ಬಯಲಿಗೆ ನಡೆದಳು. ಅವಳ ಹಿಂದೆ ಗುದ್ದಲಿ ಹಿಡಿದು ಇನ್ನೂರ ಹದಿನಾರು ಮನೆಯವರು ನಡೆದರು. ಮುಂದೆ ರಾಚಪ್ಪ ಸಾಹುಕಾರರು, ಧೋತ್ರವನ್ನು ಮೊಳಕಾಲಿನ ಮೇಲೆ ಕಟ್ಟಿ! ಅಂಥ ಅಕ್ಕನ ತಮ್ಮ ನಾನು ಎಂದು ಹೇಳಿಕೊಳ್ಳಲು ಆವತ್ತು ಬಯಲಲ್ಲಿ ಪರಿಚಯವಿಲ್ಲದ ಒಬ್ಬನಾದರೂ ಸಿಕ್ಕರೆ ಎಂದು ಹುಡುಕಿದೆ. ಎಲ್ಲರಿಗೂ ಮೊದಲೇ ಗೊತ್ತಿತ್ತು.

ಈಗ ಅರ್ಧಕ್ಕಿಂತ ಹೆಚ್ಚು ಮನೆ ಎದ್ದಿವೆ. ಎಲ್ಲವೂ ಚೆನ್ನಾಗಿದೆ. ಆದರೆ ಆವತ್ತು ಮನೆಗಳು ಸುತ್ತುವುದನ್ನು ದಾರಿಯಲ್ಲಿ ಹೋಗುವ ಯಾರೋ ಕಂಡು ಎಲ್ಲೋ ದೂರು ಬರೆದಿರಬೇಕು. ಕಳೆದ ವಾರ ಯಾವುದೋ ಕಚೇರಿಯಿಂದ ಸಂಘಕ್ಕೆ ಒಂದು ನೋಟೀಸು ಬಂತು. ನೋಂದಣಿ ಸಂಖ್ಯೆ, ಹಾರ್ನು, ಹಿಂಬದಿಯ ಕೆಂಪು ದೀಪ ಯಾವುದೂ ಇಲ್ಲದ ಎಂಟು ಭಾರಿ ವಾಹನಗಳನ್ನು ಓಡಿಸಿದ್ದು ಯಾಕೆ ಎಂದು ವಿವರಣೆ ಕೇಳಿದ್ದಾರೆ.

ಅಕ್ಕ ಒಂದೇ ಸಾಲಿನ ಉತ್ತರ ಬರೆಸಿದ್ದಾಳೆ: ‘ವಾಹನಗಳು ಸದ್ಯ ನಿಂತಿವೆ, ಒಳಗೆ ಅಡುಗೆ ನಡೆದಿದೆ.’